ಪಿಕಪ್ ಗಾಡಿಗೆ ಮೈಲೇಜ್ ಏಕೆ ಕಡಿಮೆ?

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ವಿಜ್ಞಾನ ಗ್ರಂಥಗಳಿಗೆ ಸೇರಿದ್ದು 1957ರಲ್ಲಿ. ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಜಾಡು ಹಿಡಿದು ಹೋದ ವಿಜ್ಞಾನಿಗಳಿಗೆ ಹೊಸ ವೈರಸ್ಸೊಂದು ಸಿಕ್ಕಿತು. ಮಂಗನ ಕಾಯಿಲೆಯ ಆ ಕಥೆ ನಿಮಗೆ ಗೊತ್ತಿರುವುದೇ. ಈ ಲೇಖನದ ವಸ್ತು ಅದಲ್ಲ. ಕ್ಯಾಸನೂರಿನಂಥ ಮಲೆನಾಡಿನ ಊರುಗಳ ರಸ್ತೆಯಲ್ಲಿ ದಿನ ಬೆಳಗಾದರೆ ಓಡಾಡುವ ಪಿಕಪ್ ಎಂಬ ಗಾಡಿ ಇಲ್ಲಿನ ವಸ್ತು. ಅಡಿಕೆ ಮೂಟೆ, ಶುಂಠಿ ಚೀಲ, ಅನಾನಸು ಹಣ್ಣು, ಭತ್ತ, ಗೊಬ್ಬರ, ಸಿಮೆಂಟು, ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಹೊರುವುದು ಇದೇ ಗಾಡಿ. ರೈತನ ಬೆಳೆಗೆ ಬರುವ ಬೆಲೆಯಲ್ಲಿ ಒಂದು ಪಾಲು ಇದರ ಬಾಡಿಗೆಗೆ ಹೋಗುತ್ತದೆ. ಬಾಡಿಗೆಯಲ್ಲಿ ದೊಡ್ಡ ಪಾಲು ಡೀಸೆಲ್‌ಗೆ ಹೋಗುತ್ತದೆ.

ಈ ಗಾಡಿಯ ಮಾಲೀಕರು ಒಂದು ಪ್ರಶ್ನೆ ಕೇಳುವುದುಂಟು. ಪಕ್ಕದ ಮನೆಯ ಕಾರು ಲೀಟರಿಗೆ 20 ಕಿ.ಮೀ. ಓಡುತ್ತದೆ. ನಮ್ಮ ಪಿಕಪ್ ಮಾತ್ರ 12 ದಾಟಲು ಒದ್ದಾಡುತ್ತದೆ. ಎರಡೂ ಡೀಸೆಲ್ ಗಾಡಿಗಳೇ, ಎರಡಕ್ಕೂ ನಾಲ್ಕು ಚಕ್ರಗಳೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು? ಎಂಜಿನ್ನಿನ ದೋಷವೇ? ತಯಾರಕರ ಉದಾಸೀನವೇ? ಭೌತವಿಜ್ಞಾನದ ನಿಯಮವೇ?

ಉತ್ತರ ಸಿಗಬೇಕಾದರೆ ಗಾಡಿಯ ಬಾನೆಟ್ಟನ್ನು ಎತ್ತಿ ನೋಡಿದರೆ ಸಾಲದು. ಅದರ ಚರಿತ್ರೆಯನ್ನೂ ನೋಡಬೇಕು. ಹೊರೆ ಹೊರುವುದಕ್ಕಾಗಿ ರೂಪುಗೊಂಡ ಗಾಡಿಯನ್ನು ಜನ ಸಾಗಿಸುವ ಗಾಡಿಯ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂಬುದು ಆಗ ಸ್ಪಷ್ಟವಾಗುತ್ತದೆ.

ಎತ್ತಿನ ಗಾಡಿಯ ಪಾಠ

ಪಿಕಪ್ಪಿನ ಹಿರಿಯ ಎತ್ತಿನ ಗಾಡಿ. ಮಲೆನಾಡಿನಿಂದ ಅಡಿಕೆ, ಬಯಲುಸೀಮೆಯಿಂದ ಹತ್ತಿ ಘಟ್ಟದ ಕೆಳಗಿನ ಬಂದರುಗಳಿಗೆ ಗಾಡಿಗಳಲ್ಲಿ ಇಳಿಯುತ್ತಿದ್ದ ಕಾಲವಿತ್ತು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರಾದದ್ದು ಆ ಬಂದರಿನಿಂದಾಗಿ.

ಅದೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಗಾಡಿಯ ಚಕ್ರದ ಕುರಿತು ಒಂದು ದೊಡ್ಡ ವಾದ ನಡೆಯಿತು. ಜ್ಯೂಲ್ ದ್ಯುಪ್ವಿ ಎಂಬ ರಸ್ತೆ ಎಂಜಿನಿಯರ್ 1837ರಲ್ಲಿ ಗಾಡಿ ಎಳೆಯಲು ಬೇಕಾದ ಬಲದ ಮೇಲೆ ಪ್ರಯೋಗಗಳನ್ನು ಪ್ರಕಟಿಸಿದ. ಅದೇ ಕಾಲದಲ್ಲಿ ಆರ್ಥರ್ ಮೊರ‍್ಯಾಂ ಎಂಬ ಸೇನಾಧಿಕಾರಿಯೂ ಇಂಥ ಪ್ರಯೋಗಗಳಲ್ಲಿ ತೊಡಗಿದ್ದ. ಚಕ್ರ ದೊಡ್ಡದಾದಷ್ಟೂ ಎಳೆತ ಸುಲಭ ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಚಕ್ರದ ವ್ಯಾಸ ಇಮ್ಮಡಿಯಾದರೆ ಎಳೆತ ಅರ್ಧವಾಗುತ್ತದೆ ಎಂದು ಮೊರ‍್ಯಾಂ. ಇಲ್ಲ, ವ್ಯಾಸದ ವರ್ಗಮೂಲಕ್ಕೆ ತಕ್ಕಷ್ಟೇ ಕಡಿಮೆಯಾಗುತ್ತದೆ ಎಂದು ದ್ಯುಪ್ವಿ. ನಮಗೆ ಇಲ್ಲಿ ಮುಖ್ಯವಾದದ್ದು ಇಬ್ಬರೂ ಒಪ್ಪಿದ ಇನ್ನೊಂದು ಸಂಗತಿ. ಉರುಳುವ ಚಕ್ರಕ್ಕೆ ಎದುರಾಗುವ ಬಲ, ಚಕ್ರದ ಮೇಲಿನ ಭಾರಕ್ಕೆ ಅನುಪಾತದಲ್ಲಿರುತ್ತದೆ. ಇದನ್ನು ಉರುಳು ರೋಧ ಎನ್ನೋಣ. ಭಾರವನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಈ ಬಲ ಸಿಗುತ್ತದೋ ಅದು ಉರುಳು ರೋಧ ಗುಣಾಂಕ.

ಕಬ್ಬಿಣದ ಪಟ್ಟಿ ಕಟ್ಟಿದ ಚಕ್ರ ಮಣ್ಣು ರಸ್ತೆಯಲ್ಲಿ ಉರುಳುವಾಗ ಈ ಗುಣಾಂಕ 0.03ನ್ನು ಸುಲಭವಾಗಿ ಮೀರುತ್ತದೆ. ಡಾಂಬರು ರಸ್ತೆಯ ಮೇಲಿನ ಗಾಳಿ ತುಂಬಿದ ಟೈರಿಗೆ ಅದು ಸುಮಾರು 0.01. ಉಕ್ಕಿನ ಹಳಿಯ ಮೇಲಿನ ಉಕ್ಕಿನ ಚಕ್ರಕ್ಕೆ 0.001ರಿಂದ 0.002. ರೈಲು ಸರಕು ಸಾಗಣೆಯಲ್ಲಿ ಇಂದಿಗೂ ಮಿತವ್ಯಯಿಯಾಗಿರುವುದಕ್ಕೆ ಈ ಕೊನೆಯ ಸಂಖ್ಯೆ ಒಂದು ದೊಡ್ಡ ಕಾರಣ. ಶಿವಮೊಗ್ಗದಿಂದ ಹೊರಟ ರೈಲು ಹಳಿ ಸಾಗರವನ್ನು ದಾಟಿ ತಾಳಗುಪ್ಪ ತಲುಪಿದ್ದು 1940ರಲ್ಲಿ. ಆದರೆ ತೋಟದ ಬಾಗಿಲಿಗೆ ರೈಲು ಬರುವುದಿಲ್ಲ. ತೋಟದಿಂದ ನಿಲ್ದಾಣಕ್ಕೋ ಮಂಡಿಗೋ ಹೋಗುವ ಹಾದಿಗೆ ಅಂದೂ ಗಾಡಿ ಬೇಕಿತ್ತು, ಇಂದೂ ಬೇಕು.

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿ ಪೇಟೆಂಟ್ ಪಡೆದಿದ್ದ. ಅದು ಬಳಕೆಗೆ ಬಂದದ್ದು 1888ರಲ್ಲಿ ಜಾನ್ ಡನ್‌ಲಪ್ ಮತ್ತೆ ಅದನ್ನು ಕಂಡುಕೊಂಡ ಮೇಲೆ. ನಮ್ಮ ಎತ್ತಿನ ಗಾಡಿಗೆ ಅದು ಬಂದದ್ದು ಇನ್ನೂ ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ರಾಘವನ್ ಮತ್ತು ಡಿ. ಎಲ್. ಪ್ರಸನ್ನ ರಾವ್ 1979ರಲ್ಲಿ ಎರಡು ಚಕ್ರದ ಎತ್ತಿನ ಗಾಡಿಯ ಎಂಜಿನಿಯರಿಂಗ್ ವಿಶ್ಲೇಷಣೆಯನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು. ಎತ್ತಿನ ಶ್ರಮವನ್ನು ಅಳೆಯುವಾಗ ಗಾಡಿ ಎಷ್ಟು ದೂರ ಹೋಯಿತು ಎಂದಷ್ಟೇ ಯಾರೂ ಕೇಳುವುದಿಲ್ಲ. ಎಷ್ಟು ಹೊರೆ ಎಷ್ಟು ದೂರ ಹೋಯಿತು ಎಂದು ಕೇಳುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರಿನ ಬೆನ್ನಿಗೆ ತೊಟ್ಟಿ

ಮೋಟಾರು ಗಾಡಿಗಳು ಬಂದ ಮೊದಲ ವರ್ಷಗಳಲ್ಲಿ ಅಮೆರಿಕದ ರೈತರು ತಮ್ಮ ಕಾರಿನ ಹಿಂಭಾಗವನ್ನು ಕತ್ತರಿಸಿ, ಮರದ ಪೆಟ್ಟಿಗೆ ಕೂರಿಸಿ, ಹಾಲು ತರಕಾರಿ ಸಾಗಿಸುತ್ತಿದ್ದರು. ಇದನ್ನು ಗಮನಿಸಿದ ಫೋರ್ಡ್ ಕಂಪನಿ 1925ರಲ್ಲಿ ತನ್ನ 'ಮಾಡೆಲ್ ಟಿ' ಕಾರಿಗೆ ಕಾರ್ಖಾನೆಯಲ್ಲೇ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಎಂಜಿನ್ನಿನ ಸಾಮರ್ಥ್ಯ ಕೇವಲ 20 ಅಶ್ವಶಕ್ತಿ. ಪಿಕಪ್ ಎಂಬ ಹೆಸರು ಜನಪ್ರಿಯವಾದದ್ದು ಇಂಥ ಗಾಡಿಗಳಿಂದ.

ಭಾರತದಲ್ಲಿ ಈ ವಂಶ ಬೆಳೆದದ್ದು ಬೇರೆ ಬೇರುಗಳಿಂದ. ಮಹೀಂದ್ರಾ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿತು. ಯುದ್ಧಕ್ಕಾಗಿ ರೂಪಿಸಿದ ಆ ಜೀಪಿನ ಗಟ್ಟಿಮುಟ್ಟಾದ ಚಾಸಿಸ್ಸಿನ ಸಂಪ್ರದಾಯ, 2000ದಲ್ಲಿ ಬಂದ ಬೊಲೆರೊ ಹಾಗೂ ಅದರ ಪಿಕಪ್ ರೂಪಗಳವರೆಗೂ ಮುಂದುವರಿಯಿತು. ಟಾಟಾ ಸಂಸ್ಥೆ 1986ರಲ್ಲಿ 407 ಎಂಬ ಹಗುರ ಲಾರಿಯನ್ನೂ 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ಪನ್ನೂ ತಂದಿತು. 2005ರಲ್ಲಿ ಟಾಟಾ ಏಸ್ ಬಂತು: 702 ಸಿ.ಸಿ.ಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಹೊರೆ. ಅಂದರೆ ಸುಮಾರು ತನ್ನಷ್ಟೇ ತೂಕದ ಹೊರೆಯನ್ನು ಅದು ಹೊತ್ತಿತು. ಬೆಂಗಳೂರಿನ ಬಳಿಯ ಬಿಡದಿಯಲ್ಲಿ 2022ರಿಂದ ಜೋಡಣೆಯಾಗತೊಡಗಿದ ಟೊಯೋಟಾ ಹೈಲಕ್ಸ್ ಇದೇ ವಂಶದ ಸಿರಿವಂತ ಸೋದರ. ಇನ್ನೊವಾ, ಫಾರ್ಚುನರ್ ಗಾಡಿಗಳ ಅಡಿಪಾಯವನ್ನೇ ಅದೂ ಹಂಚಿಕೊಂಡಿದೆ.

ಈ ಗಾಡಿಗಳಲ್ಲಿ ಹೆಚ್ಚಿನವುಗಳ ಒಳಗುಟ್ಟು ಒಂದೇ. ಏಣಿಯಂಥ ಉಕ್ಕಿನ ಚೌಕಟ್ಟು, ಅದರ ಮೇಲೆ ಪ್ರತ್ಯೇಕವಾಗಿ ಕೂರಿಸಿದ ಕ್ಯಾಬಿನ್ ಮತ್ತು ತೊಟ್ಟಿ, ಹಿಂದಿನ ಅಚ್ಚಿಗೆ ಪಟ್ಟಿ ಸ್ಪ್ರಿಂಗು. ಇಂದಿನ ಕಾರಿನಲ್ಲಿ ಹೊರಮೈಯೇ ಚೌಕಟ್ಟಿನ ಕೆಲಸವನ್ನೂ ಮಾಡುವುದರಿಂದ ತೂಕ ಉಳಿಯುತ್ತದೆ. ಪಿಕಪ್ಪಿನಲ್ಲಿ ಆ ಉಳಿತಾಯ ಸಿಗುವುದು ಕಷ್ಟ, ಏಕೆಂದರೆ ಸಿಮೆಂಟು ಚೀಲಗಳ ಭಾರವನ್ನು ಗುಂಡಿ ಬಿದ್ದ ರಸ್ತೆಯಲ್ಲಿ ತಾಳಿಕೊಳ್ಳಬೇಕಾದದ್ದು ಆ ಚೌಕಟ್ಟು. ಹೀಗೆ, ಹೊರೆ ಇಲ್ಲದ ದಿನವೂ ಗಾಡಿ ಹೊರೆಯ ಸಲುವಾಗಿ ಇಟ್ಟ ಉಕ್ಕನ್ನು ಹೊತ್ತು ತಿರುಗುತ್ತದೆ.

ಎರಡು ಎದುರಾಳಿಗಳು

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಗಾಡಿಗೆ ಎದುರಾಳಿಗಳು ಇಬ್ಬರು. ಒಂದು, ಈಗಾಗಲೇ ಹೇಳಿದ ಉರುಳು ರೋಧ. ಇನ್ನೊಂದು, ವಾಯುರೋಧ.

ವಾಯುರೋಧ ವೇಗದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ವಿಚಾರ ನ್ಯೂಟನ್ನನ ಕಾಲದ್ದು. ಪ್ಯಾರಿಸ್ಸಿನ ಗೋಪುರ ಕಟ್ಟಿದ ಗುಸ್ತಾವ್ ಐಫೆಲ್ 20ನೆಯ ಶತಮಾನದ ಆರಂಭದಲ್ಲಿ ಅದೇ ಗೋಪುರದಿಂದ ಬೇರೆ ಬೇರೆ ಆಕಾರದ ವಸ್ತುಗಳನ್ನು ಬೀಳಿಸಿ ಇದನ್ನು ಅಳೆದ. ವೇಗದ ವರ್ಗ, ಗಾಳಿಯ ಸಾಂದ್ರತೆ, ಗಾಡಿಯ ಮುಂಬದಿಯ ವಿಸ್ತೀರ್ಣ, ಆಕಾರವನ್ನು ಸೂಚಿಸುವ ಒಂದು ಗುಣಾಂಕ, ಈ ನಾಲ್ಕನ್ನೂ ಗುಣಿಸಿ ಅರ್ಧ ಮಾಡಿದರೆ ವಾಯುರೋಧ ಸಿಗುತ್ತದೆ. 1920ರ ದಶಕದಲ್ಲಿ, ವಾಯುನೌಕೆಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಪಾಲ್ ಯಾರೈ, ಹನಿಯಾಕಾರದ ಕಾರುಗಳನ್ನು ರೂಪಿಸಿದ. ಮುಂದಿನ ದಶಕದಲ್ಲಿ ಜರ್ಮನಿಯ ವುನಿಬಾಲ್ಡ್ ಕಾಮ್, ಉದ್ದನೆಯ ಬಾಲವನ್ನು ಸರಿಯಾದ ಜಾಗದಲ್ಲಿ ಕತ್ತರಿಸಿದರೂ ಲಾಭ ಬಹುಮಟ್ಟಿಗೆ ಉಳಿಯುತ್ತದೆ ಎಂದು ತೋರಿಸಿದ. ಇವರ ಕೆಲಸದ ಫಲವನ್ನು ಇಂದಿನ ಕಾರುಗಳು ಉಣ್ಣುತ್ತಿವೆ. ಅವುಗಳ ಆಕಾರ ಗುಣಾಂಕ 0.3ರ ಆಸುಪಾಸಿಗೆ ಇಳಿದಿದೆ.

ಪಿಕಪ್ಪಿಗೆ ಈ ಫಲ ದಕ್ಕಲಿಲ್ಲ. ಕ್ಯಾಬಿನ್ನಿನ ಹಿಂಗೋಡೆ ನೆಟ್ಟಗೆ ನಿಂತಿದೆ. ಛಾವಣಿಯ ಮೇಲಿಂದ ಜಾರಿ ಬಂದ ಗಾಳಿ ಅಲ್ಲಿ ತಟ್ಟನೆ ಕಳಚಿಕೊಂಡು ಸುಳಿಗಳಾಗುತ್ತದೆ. ಸುಳಿಯಿರುವಲ್ಲಿ ಒತ್ತಡ ಕಡಿಮೆ. ಮುಂದೆ ಒತ್ತಡ ಹೆಚ್ಚು. ಗಾಡಿಯನ್ನು ಹಿಂದಕ್ಕೆ ಎಳೆದಂತಾಗುತ್ತದೆ. ಹಿಂಬದಿಯ ಬಾಗಿಲನ್ನು ಇಳಿಬಿಟ್ಟರೆ ಗಾಳಿ ಸಲೀಸಾಗಿ ಹೊರಟುಹೋಗಿ ಮೈಲೇಜ್ ಹೆಚ್ಚುತ್ತದೆ ಎಂದು ನಂಬುವ ಚಾಲಕರಿದ್ದಾರೆ. ಗಾಳಿ ಸುರಂಗದ ಪರೀಕ್ಷೆಗಳು ಅನೇಕ ಪಿಕಪ್‌ಗಳಲ್ಲಿ ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿವೆ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಒಂದು ಸುಳಿ ಸಿಕ್ಕಿಕೊಂಡು ನಿಲ್ಲುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಬಾಗಿಲು ತೆರೆದರೆ ಆ ಸುಳಿ ಕೆಡುತ್ತದೆ.

ಈಗ ಲೆಕ್ಕಕ್ಕೆ ಇಳಿಯೋಣ. ಒಂದು ಮಾದರಿ ಪಿಕಪ್ಪನ್ನು ಕಲ್ಪಿಸಿಕೊಳ್ಳಿ. ಖಾಲಿ ತೂಕ 1,700 ಕಿ.ಗ್ರಾಂ., ಹೊರೆ 1,300 ಕಿ.ಗ್ರಾಂ., ಮುಂಬದಿಯ ವಿಸ್ತೀರ್ಣ 3 ಚದರ ಮೀಟರ್, ಆಕಾರ ಗುಣಾಂಕ 0.5, ಉರುಳು ರೋಧ ಗುಣಾಂಕ 0.012. ಪಕ್ಕದಲ್ಲಿ 1,000 ಕಿ.ಗ್ರಾಂ. ತೂಕದ ಒಂದು ಸಣ್ಣ ಕಾರು: ವಿಸ್ತೀರ್ಣ 2.1 ಚದರ ಮೀಟರ್, ಆಕಾರ ಗುಣಾಂಕ 0.33, ಉರುಳು ರೋಧ ಗುಣಾಂಕ 0.010. ಗಾಳಿಯ ಸಾಂದ್ರತೆ ಘನಮೀಟರಿಗೆ 1.1 ಕಿ.ಗ್ರಾಂ. ಎರಡೂ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುತ್ತಿವೆ.

ಕಾರಿಗೆ ಉರುಳು ರೋಧ ಸುಮಾರು 100 ನ್ಯೂಟನ್, ವಾಯುರೋಧ ಸುಮಾರು 105. ಒಟ್ಟು 205 ನ್ಯೂಟನ್.
ಖಾಲಿ ಪಿಕಪ್ಪಿಗೆ ಉರುಳು ರೋಧ 200, ವಾಯುರೋಧ 230. ಒಟ್ಟು 430 ನ್ಯೂಟನ್.
ತುಂಬಿದ ಪಿಕಪ್ಪಿಗೆ ಉರುಳು ರೋಧ 350, ವಾಯುರೋಧ 230. ಒಟ್ಟು 580 ನ್ಯೂಟನ್.

ಒಂದು ಕಿಲೋಮೀಟರಿಗೆ ಬೇಕಾದ ಶಕ್ತಿಯೂ ಇವೇ ಸಂಖ್ಯೆಗಳು, ಕಿಲೋಜೂಲ್‌ಗಳಲ್ಲಿ. ಖಾಲಿ ಪಿಕಪ್ಪಿಗೇ ಕಾರಿನ ಎರಡರಷ್ಟು ಶಕ್ತಿ ಬೇಕು. ಎಂಜಿನ್ ಎಷ್ಟೇ ಒಳ್ಳೆಯದಿರಲಿ, ಈ ಅಂತರವನ್ನು ಅದು ತುಂಬಲಾರದು.

ಮೂರನೆಯ ಸಾಲನ್ನು ಮತ್ತೊಮ್ಮೆ ನೋಡಿ. 1,300 ಕಿ.ಗ್ರಾಂ. ಹೊರೆ ಹೇರಿದಾಗ ಬಲ 430ರಿಂದ 580ಕ್ಕೆ, ಅಂದರೆ ಶೇಕಡ 35ರಷ್ಟು ಮಾತ್ರ ಏರಿತು. ಉಳಿದ ಖರ್ಚೆಲ್ಲ ಗಾಡಿಯದೇ. ಖಾಲಿ ಹಿಂದಿರುಗುವ ಗಾಡಿ, ತುಂಬಿ ಹೋದಾಗಿನ ಮುಕ್ಕಾಲು ಪಾಲು ಶಕ್ತಿಯನ್ನು ಏನನ್ನೂ ಸಾಗಿಸದೆ ಕಳೆಯುತ್ತದೆ.

ಘಟ್ಟ ಹತ್ತುವ ಎಂಜಿನ್

ಡೀಸೆಲ್ ಎಂಜಿನ್ ಹುಟ್ಟಿದ್ದೇ ಮಿತವ್ಯಯದ ಹಂಬಲದಿಂದ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು ಶೇಕಡ 26ರಷ್ಟನ್ನು ಕೆಲಸಕ್ಕೆ ಪರಿವರ್ತಿಸಿತು; ಉಗಿ ಯಂತ್ರಗಳ ಆ ಕಾಲದಲ್ಲಿ ಅದು ದೊಡ್ಡ ಸಾಧನೆ. ಇಂದಿನ ಸಣ್ಣ ಡೀಸೆಲ್ ಎಂಜಿನ್‌ಗಳು ಅನುಕೂಲ ಸ್ಥಿತಿಯಲ್ಲಿ ಶೇಕಡ 35ನ್ನು ಮೀರುತ್ತವೆ. ಅನುಕೂಲ ಸ್ಥಿತಿ ಎಂದರೆ ಎಂಜಿನ್ ತನ್ನ ಸಾಮರ್ಥ್ಯಕ್ಕೆ ಹತ್ತಿರವಾಗಿ ದುಡಿಯುವ ಸ್ಥಿತಿ. ಅರೆಬರೆ ಕೆಲಸದಲ್ಲಿ ದಕ್ಷತೆ ಇಳಿಯುತ್ತದೆ, ಏಕೆಂದರೆ ಪಿಸ್ಟನ್, ಬೇರಿಂಗು, ಪಂಪುಗಳ ಘರ್ಷಣೆಗೆ ಕೊಡಬೇಕಾದ ಕಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ನಮ್ಮ ಖಾಲಿ ಪಿಕಪ್ಪಿಗೆ 60 ಕಿ.ಮೀ. ವೇಗದಲ್ಲಿ ಬೇಕಾದ ಸಾಮರ್ಥ್ಯ ಸುಮಾರು 7 ಕಿಲೋವ್ಯಾಟ್. ಅದೇ ಗಾಡಿ ತುಂಬಿದ ಹೊರೆಯೊಂದಿಗೆ 12 ಅಡಿಗೆ 1 ಅಡಿ ಏರುವ ಘಟ್ಟದ ರಸ್ತೆಯನ್ನು 40 ಕಿ.ಮೀ. ವೇಗದಲ್ಲಿ ಹತ್ತಬೇಕೆಂದರೆ 32 ಕಿಲೋವ್ಯಾಟ್ ಬೇಕು. ಹೊನ್ನಾವರದಿಂದಲೋ ಕುಮಟಾದಿಂದಲೋ ಮೇಲೆ ಬರುವ ಚಾಲಕನಿಗೆ ಈ ಸಾಮರ್ಥ್ಯವಿಲ್ಲದ ಗಾಡಿ ಬೇಡ. ಆದ್ದರಿಂದ ತಯಾರಕರು ಘಟ್ಟಕ್ಕೆ ತಕ್ಕ ಎಂಜಿನ್ ಕೊಡುತ್ತಾರೆ, ಏರಿನಲ್ಲಿ ಹೊರೆಯೊಂದಿಗೆ ಹೊರಡಲು ತಕ್ಕ ಗಿಯರ್ ಅನುಪಾತ ಕೊಡುತ್ತಾರೆ. ಬಯಲಿನಲ್ಲಿ ಅದೇ ಗಿಯರ್ ಎಂಜಿನ್ನನ್ನು ಅಗತ್ಯಕ್ಕಿಂತ ಜೋರಾಗಿ ತಿರುಗಿಸುತ್ತದೆ, ಅದೇ ದೊಡ್ಡ ಎಂಜಿನ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ. ವರ್ಷದಲ್ಲಿ ಕೆಲವೇ ಗಂಟೆಗಳ ಏರಿಗಾಗಿ ಉಳಿದೆಲ್ಲ ಗಂಟೆಗಳಲ್ಲೂ ಬೆಲೆ ಕೊಡಬೇಕಾಗುತ್ತದೆ.

ಸಾಮರ್ಥ್ಯ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ನಾಡಿನಲ್ಲಿ ಇದ್ದಿಲ ಗ್ಯಾಸಿನ ಬಸ್ಸುಗಳು ಓಡಿದವು. ಬಸ್ಸಿಗೆ ಕಟ್ಟಿದ ಉರುಳೆಯಲ್ಲಿ ಇದ್ದಿಲನ್ನು ಅರೆಬರೆ ಉರಿಸಿ, ಹುಟ್ಟಿದ ಕಾರ್ಬನ್ ಮಾನಾಕ್ಸೈಡನ್ನು ಎಂಜಿನ್ನಿಗೆ ಊಡುತ್ತಿದ್ದರು. ಗಾಳಿಯ ಸಾರಜನಕವೂ ಬೆರೆತ ಈ ಅನಿಲದ ಶಕ್ತಿ ಕಡಿಮೆ; ಪೆಟ್ರೋಲ್ ಎಂಜಿನ್ ತನ್ನ ಸಾಮರ್ಥ್ಯದಲ್ಲಿ ಮೂರನೆಯ ಒಂದರಿಂದ ಅರ್ಧದವರೆಗೂ ಕಳೆದುಕೊಳ್ಳುತ್ತಿತ್ತು. ಬಯಲಿನಲ್ಲಿ ಹೇಗೋ ನಡೆಯುತ್ತಿತ್ತು. ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು.

ಏರಿನ ಇಂಧನ ವೆಚ್ಚವನ್ನೂ ಲೆಕ್ಕ ಹಾಕಬಹುದು. ಕರಾವಳಿಯಿಂದ ಸುಮಾರು 600 ಮೀಟರ್ ಎತ್ತರದ ಮಲೆನಾಡಿಗೆ 3,000 ಕಿ.ಗ್ರಾಂ. ಗಾಡಿಯನ್ನು ಎತ್ತಲು 17.6 ಮೆಗಾಜೂಲ್ ಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಇದ್ದು, ಚಕ್ರಕ್ಕೆ ತಲುಪುವುದು ಶೇಕಡ 30 ಎಂದುಕೊಂಡರೆ, ಎತ್ತರ ಏರಲೆಂದೇ 1.6 ಲೀಟರ್ ಬೇಕು. ಇಳಿಯುವಾಗ ಈ ಶಕ್ತಿಯ ಬಹುಪಾಲು ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

ರಸ್ತೆಯ ಹಂಪುಗಳದೂ ಇದೇ ಕಥೆ. 60 ಕಿ.ಮೀ. ವೇಗದ ತುಂಬಿದ ಪಿಕಪ್ಪಿನ ಚಲನ ಶಕ್ತಿ ಸುಮಾರು 417 ಕಿಲೋಜೂಲ್. ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಅದೇ ವೇಗಕ್ಕೆ ತರುವುದೆಂದರೆ 700 ಮೀಟರ್ ಹೆಚ್ಚುವರಿ ಓಡಿಸಿದಂತೆ. ಊರೂರಿಗೆ ನಿಂತು ಹೊರಡುವ ಗಾಡಿಯ ಮೈಲೇಜ್ ಎಲ್ಲಿ ಸೋರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನು ತೆರೆದ ಬಾಗಿಲು

ಭೌತವಿಜ್ಞಾನ ಹೇಳುವುದು ಇಷ್ಟು. ಆದರೆ ಪಿಕಪ್ಪಿನ ಮೈಲೇಜ್ ಹಿಂದುಳಿದದ್ದಕ್ಕೆ ಮನುಷ್ಯರು ಮಾಡಿದ ನಿಯಮಗಳೂ ಕಾರಣ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕೋಳಿಮಾಂಸದ ಮೇಲೆ ಯೂರೋಪಿನ ದೇಶಗಳು ಸುಂಕ ಹೇರಿದವು. ಅದಕ್ಕೆ ಪ್ರತಿಯಾಗಿ ಅಮೆರಿಕ 1964ರಲ್ಲಿ ಆಮದು ಹಗುರ ಟ್ರಕ್ಕುಗಳ ಮೇಲೆ ಶೇಕಡ 25 ಸುಂಕ ಹಾಕಿತು. 'ಕೋಳಿ ತೆರಿಗೆ' ಎಂದೇ ಹೆಸರಾದ ಇದರಿಂದ, ಹೊರದೇಶಗಳ ಸಣ್ಣ ಮಿತವ್ಯಯಿ ಪಿಕಪ್‌ಗಳ ಸ್ಪರ್ಧೆ ಅಲ್ಲಿನ ತಯಾರಕರಿಗೆ ತಗ್ಗಿತು.

1973ರ ತೈಲ ಬಿಕ್ಕಟ್ಟಿನ ಬಳಿಕ 1975ರಲ್ಲಿ ಅಮೆರಿಕದ ಸಂಸತ್ತು ಮೈಲೇಜಿಗೆ ಕನಿಷ್ಠ ಮಿತಿ ವಿಧಿಸುವ ಕಾನೂನು ಮಾಡಿತು. ಕಾರುಗಳು 1985ಕ್ಕೆ ಗ್ಯಾಲನ್ನಿಗೆ 27.5 ಮೈಲಿ, ಅಂದರೆ ಲೀಟರಿಗೆ 11.7 ಕಿ.ಮೀ. ಸರಾಸರಿ ಮುಟ್ಟಬೇಕಿತ್ತು. ಹಗುರ ಟ್ರಕ್ಕುಗಳಿಗೆ ಬೇರೆಯೇ ಮಿತಿ: 1982ರಲ್ಲಿ 17.5 ಮೈಲಿ, 1996ರಿಂದ 2004ರವರೆಗೆ 20.7 ಮೈಲಿ, ಅಂದರೆ 8.8 ಕಿ.ಮೀ. ರೈತರ, ಕಸುಬುದಾರರ ಗಾಡಿಗೆ ರಿಯಾಯಿತಿ ಇರಲಿ ಎಂಬ ಆಶಯ ನ್ಯಾಯವಾದದ್ದೇ. ಆದರೆ ಕಾರಿನ ಬದಲು ಟ್ರಕ್ಕಿನ ವರ್ಗಕ್ಕೆ ಸೇರುವ ಗಾಡಿಯನ್ನು ಕುಟುಂಬಗಳಿಗೆ ಮಾರುವುದು ಆಗ ಲಾಭದಾಯಕವಾಯಿತು. 21ನೆಯ ಶತಮಾನದ ಆರಂಭದ ಹೊತ್ತಿಗೆ ಅಲ್ಲಿ ಮಾರಾಟವಾಗುವ ಹೊಸ ಗಾಡಿಗಳಲ್ಲಿ ಸರಿಸುಮಾರು ಅರ್ಧ ಈ ವರ್ಗದವು. ಹೊರೆಗೆಂದು ಹುಟ್ಟಿದ ಗಾಡಿ ಹೊರೆಯಿಲ್ಲದೆ ಕಚೇರಿಗೆ ಹೋಗತೊಡಗಿತು. 2015ರ ಮಾದರಿಯಲ್ಲಿ ಫೋರ್ಡ್ ತನ್ನ ಎಫ್-150 ಪಿಕಪ್ಪಿಗೆ ಅಲ್ಯುಮಿನಿಯಂ ಹೊರಮೈ ಕೊಟ್ಟು ಸುಮಾರು 300 ಕಿ.ಗ್ರಾಂ. ವರೆಗೂ ತೂಕ ಇಳಿಸಿತು. ಅದರಿಂದ ಉರುಳು ರೋಧ ಇಳಿಯಿತು. ಎತ್ತರದ ಮುಖಕ್ಕೆ ಬಡಿಯುವ ಗಾಳಿ ಮಾತ್ರ ತೂಕವನ್ನು ಕೇಳುವುದಿಲ್ಲ.

ನಮ್ಮಲ್ಲಿ 2015ರಲ್ಲಿ ಪ್ರಕಟವಾಗಿ 2017-18ರಿಂದ ಜಾರಿಯಾದ ಇಂಧನ ಮಿತಿ ಪ್ರಯಾಣಿಕರ ಕಾರುಗಳಿಗೆ ಸೇರಿದ್ದು. 2017ರ ಆಗಸ್ಟಿನಲ್ಲಿ ಪ್ರಕಟವಾದ ಇನ್ನೊಂದು ಮಿತಿ 12 ಟನ್ ಮೀರಿದ ಲಾರಿ ಬಸ್ಸುಗಳಿಗೆ ಸೇರಿದ್ದು. ಅದರಲ್ಲಿ ಗಾಡಿಯ ಒಟ್ಟು ತೂಕಕ್ಕೆ ತಕ್ಕಂತೆ ಇಂಧನದ ಲೆಕ್ಕ. ಈ ಎರಡು ಪಟ್ಟಿಗಳ ನಡುವಿನ ಜಾಗದಲ್ಲಿತ್ತು ನಮ್ಮ ಹಳ್ಳಿಯ ಪಿಕಪ್.

ಸರಿಯಾದ ಅಳತೆಗೋಲು

ಎತ್ತಿನ ಗಾಡಿಯ ಪಾಠಕ್ಕೆ ಈಗ ಮರಳೋಣ. ಸರಕು ಗಾಡಿಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಟನ್-ಕಿಲೋಮೀಟರಿನಲ್ಲಿ. ಒಂದು ಟನ್ ಹೊರೆಯನ್ನು ಒಂದು ಕಿ.ಮೀ. ಸಾಗಿಸಿದರೆ ಒಂದು ಟನ್-ಕಿಲೋಮೀಟರ್. 1.3 ಟನ್ ಹೊತ್ತು ಲೀಟರಿಗೆ 12 ಕಿ.ಮೀ. ಓಡುವ ಪಿಕಪ್ ಒಂದು ಲೀಟರಿನಲ್ಲಿ 15.6 ಟನ್-ಕಿಲೋಮೀಟರ್ ಕೆಲಸ ಮಾಡುತ್ತದೆ. ನಾಲ್ವರನ್ನು, ಅಂದರೆ ಸುಮಾರು 0.28 ಟನ್ನನ್ನು ಕೂರಿಸಿಕೊಂಡು 20 ಕಿ.ಮೀ. ಓಡುವ ಕಾರಿನ ಕೆಲಸ 5.6 ಮಾತ್ರ. ಮೈಲೇಜಿನಲ್ಲಿ ಸೋತ ಪಿಕಪ್ ಇಲ್ಲಿ ಸುಲಭವಾಗಿ ಗೆದ್ದಿತು. ಹತ್ತು ಟನ್ ಹೊತ್ತು ಲೀಟರಿಗೆ 5 ಕಿ.ಮೀ. ಓಡುವ ಲಾರಿ 50 ಟನ್-ಕಿಲೋಮೀಟರಿನೊಂದಿಗೆ ಇಬ್ಬರನ್ನೂ ಸೋಲಿಸುತ್ತದೆ. ಗಾಡಿ ದೊಡ್ಡದಾದಂತೆ ಹೊರೆಯ ಗಾತ್ರ ಹೆಚ್ಚುವಷ್ಟು ವೇಗವಾಗಿ ಮುಖದ ವಿಸ್ತೀರ್ಣ ಹೆಚ್ಚುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ.

ಈ ಅಳತೆಗೋಲು ಹಿಡಿದರೆ ಉಳಿತಾಯದ ದಾರಿಗಳೂ ಕಾಣುತ್ತವೆ. ನಮ್ಮ ಮಾದರಿ ಪಿಕಪ್ ತುಂಬಿ ಹೋಗಿ ಖಾಲಿ ಬಂದರೆ, ಸಾಗಿಸಿದ ಪ್ರತಿ ಟನ್-ಕಿಲೋಮೀಟರಿಗೆ ಸುಮಾರು 777 ಕಿಲೋಜೂಲ್ ಕಳೆಯುತ್ತದೆ. ಎರಡು ಕಡೆಗೂ ತುಂಬಿ ಓಡಿದರೆ 446. ಅಂದರೆ ವಾಪಸು ಬಾಡಿಗೆ ಸಿಕ್ಕಿದರೆ ಶೇಕಡ 43ರಷ್ಟು ಉಳಿತಾಯ. ವೇಗವನ್ನು 80ರಿಂದ 60ಕ್ಕೆ ಇಳಿಸಿದರೆ ತುಂಬಿದ ಗಾಡಿಯ ಮೇಲಿನ ಬಲ 760ರಿಂದ 580 ನ್ಯೂಟನ್ನಿಗೆ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯ ಉಪಕರಣವೂ ಬೇಡ. ಟೈರಿನ ಗಾಳಿಯನ್ನು ಸರಿಯಾಗಿಟ್ಟರೆ ಉರುಳು ರೋಧ ಹದದಲ್ಲಿರುತ್ತದೆ. ಟಾಟಾ ಏಸ್ 2022ರಲ್ಲಿ ವಿದ್ಯುತ್ ರೂಪದಲ್ಲೂ ಬಂತು. ಘಟ್ಟ ಇಳಿಯುವಾಗ ಬ್ರೇಕಿನ ಬಿಸಿಯಾಗಿ ಹೋಗುತ್ತಿದ್ದ ಶಕ್ತಿಯ ಒಂದು ಭಾಗವನ್ನು ಇಂಥ ಗಾಡಿಗಳು ಬ್ಯಾಟರಿಗೆ ಹಿಂದಿರುಗಿಸಬಲ್ಲವು. ಆದರೆ ಬ್ಯಾಟರಿಯ ತೂಕವೂ ಹೊರೆಯೇ ಎಂಬುದನ್ನು ಮರೆಯುವಂತಿಲ್ಲ.

ಮಲೆನಾಡಿನ ರೈತರು ಒಟ್ಟುಗೂಡಿ ಮಾರುವುದನ್ನು ಬಹಳ ಹಿಂದೆಯೇ ಕಲಿತವರು. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ, ಶಿವಮೊಗ್ಗದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಅಂದರೆ ಮ್ಯಾಮ್‌ಕೋಸ್, 1939ರಲ್ಲಿ. ಬೆಲೆಗಾಗಿ ಮಾಡಿದ ಆ ಒಗ್ಗಟ್ಟನ್ನು ಸಾಗಣೆಗೂ ವಿಸ್ತರಿಸಬಹುದು. ಮೂವರು ಬೆಳೆಗಾರರು ಮೂರು ಅರೆತುಂಬಿದ ಗಾಡಿಗಳಲ್ಲಿ ಹೋಗುವ ಬದಲು ಒಂದೆರಡು ಪೂರ್ತಿ ತುಂಬಿದ ಗಾಡಿಗಳಲ್ಲಿ ಹೋದರೆ, ಬರುವಾಗ ಊರಿಗೆ ಬೇಕಾದ ಗೊಬ್ಬರವನ್ನೇ ಹೇರಿಕೊಂಡು ಬಂದರೆ, ಯಾವ ಹೊಸ ಎಂಜಿನ್ನೂ ಕೊಡಲಾರದಷ್ಟು ಡೀಸೆಲ್ ಉಳಿಯುತ್ತದೆ.

ಶಿಕ್ಷಕರಿಗೆ ಒಂದು ಸೂಚನೆ. ಇದನ್ನು ತರಗತಿಯಲ್ಲಿ ಯೋಜನೆಯಾಗಿ ಮಾಡಿಸಬಹುದು. ಊರಿನ ಒಬ್ಬ ಪಿಕಪ್ ಮಾಲೀಕರನ್ನು ಒಪ್ಪಿಸಿ, ಒಂದು ತಿಂಗಳು ಪುಸ್ತಕ ಇಡಿಸಿ: ಹಾಕಿಸಿದ ಡೀಸೆಲ್, ಓಡಿದ ಕಿ.ಮೀ., ಪ್ರತಿ ಸಾರಿಯ ಹೊರೆಯ ತೂಕ, ಖಾಲಿ ಬಂದ ದೂರ. ವಿದ್ಯಾರ್ಥಿಗಳು ಮೊದಲು ಕಿಲೋಮೀಟರಿನ ಮೈಲೇಜ್ ಲೆಕ್ಕ ಹಾಕಲಿ, ಬಳಿಕ ಟನ್-ಕಿಲೋಮೀಟರಿನದು. ಜೊತೆಗೆ ಒಂದು ಮನೆಲೆಕ್ಕ: ಮೇಲಿನ ಮಾದರಿ ಪಿಕಪ್ ಎರಡು ಕಡೆಗೂ ಅರ್ಧ ಹೊರೆಯೊಂದಿಗೆ ಓಡಿದರೆ ಪ್ರತಿ ಟನ್-ಕಿಲೋಮೀಟರಿಗೆ ಎಷ್ಟು ಶಕ್ತಿ ಬೇಕು? ಬಂದ ಉತ್ತರವನ್ನು, ತುಂಬಿ ಹೋಗಿ ಖಾಲಿ ಬಂದಾಗಿನ 777ರ ಪಕ್ಕದಲ್ಲಿ ಬರೆಸಿ. ಎರಡೂ ಏಕೆ ಅಷ್ಟು ಹತ್ತಿರ ಬಂದವು ಎಂದು ವಿದ್ಯಾರ್ಥಿಗಳನ್ನು ಕೇಳಿ. ಪುಸ್ತಕದ ಲೆಕ್ಕ ಮುಗಿದ ಮೇಲೆ ಅದನ್ನು ಗಾಡಿಯ ಮಾಲೀಕರಿಗೂ ತೋರಿಸಿ. ಮುಂದಿನ ಬಾಡಿಗೆಯನ್ನು ಒಪ್ಪಿಕೊಳ್ಳುವಾಗ ಅದು ಅವರ ಕೈಯಲ್ಲಿರಲಿ.